ಎತ್ತಿನ ಕೋಡಿನಲ್ಲಿ ಜೀವವಿದೆಯೇ?

ಪ್ರಶ್ನೆ: ಕಾರಹುಣ್ಣಿಮೆಗೆ ಎತ್ತುಗಳ ಕೋಡು ಹೆರೆಸಿ ಬಣ್ಣ ಹಚ್ಚುವಾಗ ಅವು ಸುಮ್ಮನೆ ನಿಂತಿರುತ್ತವೆ. ಆದರೆ ಈಚೆಗೆ ನಮ್ಮ ಎತ್ತೊಂದು ಬಿದ್ದು ಅದರ ಕೋಡು ಬುಡದಲ್ಲೇ ಮುರಿದಾಗ ಗಾಯದಿಂದಷ್ಟೇ ಅಲ್ಲದೆ ಅದೇ ಬದಿಯ ಮೂಗಿನ ಹೊಳ್ಳೆಯಿಂದಲೂ ರಕ್ತ ಬಂತು. ಹಾಗಾದರೆ ಕೋಡಿನಲ್ಲಿ ಜೀವವಿರುತ್ತದೆಯೇ? ಆನೆಯ ದಂತವೂ ಇಂಥದೇ ಕೋಡೇ?
– ಓದುಗರು, ಯಲಬುರ್ಗಾ, ಕೊಪ್ಪಳ ಜಿಲ್ಲೆ

ಉತ್ತರ: ದನದ ಕೋಡಿನ ಹೊರಚಿಪ್ಪು ಕೆರಾಟಿನ್‌ನಿಂದ ಆದದ್ದು, ಗೊರಸು ಮತ್ತು ನಮ್ಮ ಉಗುರು ಆದದ್ದೂ ಅದರಿಂದಲೇ. ಅದರಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ತುದಿಯ ಭಾಗವಂತೂ ಪೂರ್ತಿ ಗಟ್ಟಿ ಚಿಪ್ಪೇ ಆಗಿರುವುದರಿಂದ ಹದವಾಗಿ ಹೆರೆದರೆ ಎತ್ತಿಗೆ ನೋವಾಗದು. ಚಿಪ್ಪಿನ ಒಳಗೆ, ಹಣೆಯ ಎಲುಬಿನಿಂದಲೇ ಹೊರಟ ಎಲುಬಿನ ಗೂಟವೊಂದಿದ್ದು, ಇವೆರಡರ ನಡುವೆ ರಕ್ತನಾಳಗಳಿಂದ ತುಂಬಿದ ತೆಳು ಪದರವೊಂದು ಚಿಪ್ಪನ್ನು ಜೀವನಪೂರ್ತಿ ಬೆಳೆಸುತ್ತಿರುತ್ತದೆ. ಹೊಳಪು ಬರಲೆಂದು ಬುಡದವರೆಗೂ ಕತ್ತಿಯಾಡಿಸುವವರು ಕೆಲವೊಮ್ಮೆ ಈ ಪದರವನ್ನೇ ಮುಟ್ಟಿಬಿಡುತ್ತಾರೆ.

ಇನ್ನು ಮೂಗಿನ ರಕ್ತದ ವಿಷಯ. ಎಳೆಗರುವಿನ ಕೋಡಿನ ಮೊಗ್ಗು ಮೊದಲು ಚರ್ಮದಲ್ಲಷ್ಟೇ ಇದ್ದು, ಸುಮಾರು ಎರಡು ತಿಂಗಳಿಗೆ ತಲೆಬುರುಡೆಗೆ ಕೂಡಿಕೊಳ್ಳುತ್ತದೆ. ಆರೇಳು ತಿಂಗಳು ಕಳೆದ ಮೇಲೆ ಹಣೆಯೊಳಗಿನ ಗಾಳಿಗೂಡು ಕೋಡಿನ ಎಲುಬಿನ ಒಳಕ್ಕೂ ಚಾಚಿಕೊಳ್ಳುತ್ತದೆ. ಈ ಗೂಡಿಗೆ ಮೂಗಿನ ಸಂಪರ್ಕವಿರುವುದರಿಂದ, ಬುಡದಲ್ಲಿ ಮುರಿದ ಕೋಡಿನ ರಕ್ತ ಹೊಳ್ಳೆಯಲ್ಲಿ ಇಳಿಯುತ್ತದೆ. ಇಂಥ ಗಾಯಕ್ಕೆ ಸಗಣಿ, ಸುಣ್ಣ, ಬೂದಿ ಮೆತ್ತುವ ರೂಢಿಯನ್ನು ದಯವಿಟ್ಟು ಬಿಡಿ. ಅದು ತೆರೆದ ಗಾಳಿಗೂಡಿಗೆ ನಂಜು ತುಂಬಿದಂತೆಯೇ ಸರಿ. ಶುಭ್ರ ಬಟ್ಟೆ ಕಟ್ಟಿ, ನೊಣ ಕೂರದಂತೆ ಕಾಪಾಡಿ, ಪಶುವೈದ್ಯರನ್ನು ಕರೆಸಬೇಕು. ಎಲುಬು ಮುರಿದಿದ್ದರೆ ಕೋಡು ಮೊದಲಿನಂತೆ ಮತ್ತೆ ಬಾರದು. ಚಿಪ್ಪು ಮಾತ್ರ ಕಳಚಿದ್ದರೆ ಹೊಸ ಚಿಪ್ಪು ಬರುತ್ತದೆ, ಆದರೆ ಹೆಚ್ಚಾಗಿ ಸೊಟ್ಟಗೆ.

ಪೆಟ್ಟೇ ಬೀಳದೆ ಎತ್ತು ತಲೆಯನ್ನು ಒಂದೇ ಕಡೆಗೆ ವಾಲಿಸುತ್ತಿದ್ದರೆ, ಪದೇ ಪದೇ ತಲೆ ಕೊಡವುತ್ತಿದ್ದರೆ, ಒಂದೇ ಹೊಳ್ಳೆ ಸೋರುತ್ತಿದ್ದರೆ ತಡಮಾಡದೆ ತೋರಿಸಿ. ಅದು ಕೋಡಿನ ಕ್ಯಾನ್ಸರ್ ಇರಬಹುದು. ನಮ್ಮ ದೇಶದ ಎತ್ತುಗಳಲ್ಲಿ ಈ ರೋಗ ಅಪರೂಪವೇನಲ್ಲ.

ಆನೆಯ ದಂತ ಕೋಡಲ್ಲ, ಹಲ್ಲು. ಮೇಲ್ದವಡೆಯ ಎರಡು ಬಾಚಿಹಲ್ಲುಗಳೇ ಉದ್ದವಾಗಿ ಬೆಳೆದು ಬಾಯಿಂದ ಹೊರಬಂದಿವೆ. ನಮಗೆ ಕಾಣುವುದು ಅದರ ಒಂದು ಭಾಗ ಮಾತ್ರ. ಸುಮಾರು ಮೂರನೆಯ ಒಂದು ಪಾಲು ತಲೆಬುರುಡೆಯೊಳಗೆ ಹುದುಗಿರುತ್ತದೆ. ಬಹುಪಾಲು ಡೆಂಟಿನ್ ಎಂಬ ಹಲ್ಲಿನ ಗಟ್ಟಿ ವಸ್ತುವಿನಿಂದ ಆದ ಈ ಹಲ್ಲಿನ ಬುಡದ ಪೊಳ್ಳಿನಲ್ಲಿ ನರ ಮತ್ತು ರಕ್ತನಾಳಗಳ ತಿರುಳಿದೆ. ಸಾಕಾನೆಗಳ ದಂತದ ತುದಿಯನ್ನು ಕೊಯ್ದರೆ ನೋವಾಗದಿರುವುದೂ, ತಿರುಳಿಗೆ ಗರಗಸ ತಾಗಿದರೆ ಆನೆ ನರಳಿ ದಂತ ಕೊಳೆಯುವುದೂ ಇದರಿಂದಲೇ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಹೆಣ್ಣಾನೆ ಲಕ್ಷ್ಮಿಗೆ ಉದ್ದನೆಯ ದಂತ ಏಕಿಲ್ಲವೆಂದು ಮಕ್ಕಳು ಕೇಳುವುದುಂಟು. ಏಷ್ಯಾದ ಹೆಣ್ಣಾನೆಗಳಿಗೆ ದಂತವಿರುವುದಿಲ್ಲ, ಇದ್ದರೂ ತುಟಿಯಂಚಿನಲ್ಲಿ ಇಣುಕುವಷ್ಟೇ. ಗಂಡುಗಳಲ್ಲೂ ದಂತವಿಲ್ಲದ ಮಖ್ನಾಗಳಿವೆ. ಆಫ್ರಿಕಾದ ಆನೆಗಳಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣು ಎರಡಕ್ಕೂ ದಂತವುಂಟು.

ನಿಮ್ಮ ಮೆಕ್ಕೆಜೋಳಕ್ಕೆ ನುಗ್ಗುವ ಕಾಡುಹಂದಿಯ ಕೋರೆಯೂ ಹಲ್ಲೇ, ಆದರೆ ಬಾಚಿಹಲ್ಲಲ್ಲ, ಕೋರೆಹಲ್ಲು. ಮೇಲಿನದು ಕೆಳಗಿನದಕ್ಕೆ ಉಜ್ಜಿ ಉಜ್ಜಿ ಸದಾ ಹರಿತವಾಗಿರುತ್ತದೆ. ಎರೆಹೊಲಗಳಲ್ಲಿ ಹಿಂಡುಗಟ್ಟಿ ಮೇಯುವ ಚಿಗರಿಯ ತಿರುಚು ಕೋಡಾದರೋ ಎತ್ತಿನದರಂತೆಯೇ ಎಲುಬು, ಚಿಪ್ಪುಗಳದ್ದು. ಘೇಂಡಾಮೃಗದ್ದು ಇವೆರಡಕ್ಕೂ ಸೇರದು: ಮೂಗಿನ ಮೇಲಿನ ಆ ಕೊಂಬಿನೊಳಗೆ ಎಲುಬೇ ಇಲ್ಲ, ಇಡಿಯಾಗಿ ಕೆರಾಟಿನ್.

ಪ್ರಶ್ನೆ: ಅಜ್ಜನ ಕಾಲದಿಂದ ನಮ್ಮ ಪಡಸಾಲೆಯಲ್ಲಿ ಕವಲೊಡೆದ ಕೋಡುಗಳಿವೆ. ಜಿಂಕೆ ತಾನಾಗಿಯೇ ಉದುರಿಸಿದವು ಎನ್ನುತ್ತಾರೆ. ಇದು ನಿಜವೇ?
– ಓದುಗರು, ಸಂಡೂರು, ಬಳ್ಳಾರಿ ಜಿಲ್ಲೆ

ಉತ್ತರ: ಇರಬಹುದು. ಚುಕ್ಕೆ ಜಿಂಕೆ, ಕಡವೆಗಳ ಗಂಡುಗಳಲ್ಲಿ ಕವಲುಕೋಡು ಬರಿಯ ಎಲುಬಾಗಿದ್ದು, ಬೆಳೆಯುವಾಗ ಮೃದುವಾದ ರೋಮಚರ್ಮ ಹೊದ್ದಿದ್ದು, ಬಲಿತು ಒಣಗಿದ ಮೇಲೆ ಉದುರಿ ಮತ್ತೆ ಹುಟ್ಟುತ್ತದೆ. ಬುಡ ದುಂಡಗೆ, ಒರಟಾಗಿ ಮುಗಿದಿದ್ದರೆ ಅದು ಉದುರಿದ್ದು. ತಲೆಬುರುಡೆಯ ಚೂರು ಅಂಟಿಕೊಂಡಿದ್ದರೆ ಪ್ರಾಣಿ ಸತ್ತ ಮೇಲೆ ತೆಗೆದದ್ದು. ಕಾನೂನು ಮಾತ್ರ ಅಷ್ಟಕ್ಕೇ ಬಿಡುವುದಿಲ್ಲ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕವಲುಕೋಡು, ಕೊಂಬು, ದಂತ ಎಲ್ಲವೂ ಸೇರಿವೆ. ಮಾರುವುದಾಗಲಿ ಯಾರಿಗಾದರೂ ಕೊಡುವುದಾಗಲಿ ಮಾಡದೆ, ಮೊದಲು ಹತ್ತಿರದ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ.