ಗೆಳತಿಯ ಸನ್ಮಾನಕ್ಕೆ ಹೋಗಲಾಗದವಳು

ಆಕೆಗೆ 29 ವರ್ಷ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದು ಕುಳಿತವಳೇ ಹೇಳಿದ ಮೊದಲ ಮಾತು: "ಮೇಡಂ, ನನ್ನ ಮನಸ್ಸು ಇಷ್ಟು ಸಣ್ಣದೆಂದು ನನಗೇ ಗೊತ್ತಿರಲಿಲ್ಲ."

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಧಾರವಾಡವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಂದ ತುಂಬಿದ ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿ ಇಂಥ ಕಥೆಗಳಿಗೆ ಬರವಿಲ್ಲ.

ಈಕೆಯೂ ಗೆಳತಿಯೂ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದರು. ಇಬ್ಬರಿಗೂ ಸೇರಿ ಒಂದು ದಿನಪತ್ರಿಕೆ, ಒಂದು ಟಿಪ್ಪಣಿ ಪುಸ್ತಕ. ಭೂಗೋಳ ಈಕೆಯ ನೀಲಿ ಶಾಯಿಯಲ್ಲಿ, ಸಂವಿಧಾನ ಗೆಳತಿಯ ಹಸಿರು ಶಾಯಿಯಲ್ಲಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಯ್ಕೆ ಪಟ್ಟಿಯಲ್ಲಿ ಗೆಳತಿಯ ಹೆಸರು ಬಂತು, ಈಕೆಯದು ಬರಲಿಲ್ಲ. ಊರಿನವರು ಗೆಳತಿಗೆ ಸನ್ಮಾನ ಇಟ್ಟುಕೊಂಡರು. ಈಕೆ ಸೀರೆಯುಟ್ಟು ಬಸ್ ನಿಲ್ದಾಣದವರೆಗೂ ಹೋದಳು. ಆ ಊರಿನ ಬಸ್ಸು ಎರಡು ಬಂದು ಹೋದವು. ಹತ್ತಲಿಲ್ಲ. ಜ್ವರವೆಂದು ಸಂದೇಶ ಕಳಿಸಿ ಮೊಬೈಲ್ ಆರಿಸಿಬಿಟ್ಟಳು. ಅಲ್ಲಿಂದ 11 ದಿನ ಮಾತಿಲ್ಲ.

"ಹೊಟ್ಟೆಕಿಚ್ಚು" ಎನ್ನುವಾಗ ಆಕೆಯ ಧ್ವನಿ ಇಳಿಯಿತು. ಹಾಗೇನಿಲ್ಲ ಬಿಡಿ ಎಂದು ನಾನು ಅದನ್ನು ತೇಲಿಸಲಿಲ್ಲ. ಪಕ್ಕದ ಬೀದಿಯ ಹುಡುಗ ಹಾಡಿನ ಸ್ಪರ್ಧೆಯಲ್ಲಿ ಗೆದ್ದಿದ್ದರೆ ಮನಸಾರೆ ಚಪ್ಪಾಳೆ ತಟ್ಟುತ್ತಿದ್ದಿರಲ್ಲವೇ ಎಂದು ಕೇಳಿದೆ. ಹೌದೆಂದಳು. ಹತ್ತಿರದವರು, ಅದೂ ನಾವೇ ಬಯಸಿದ ದಾರಿಯಲ್ಲಿ, ನಮ್ಮನ್ನು ದಾಟಿದಾಗಲೇ ನೋವು ಹೆಚ್ಚೆಂದು ಮನೋವಿಜ್ಞಾನಿ ಅಬ್ರಹಾಂ ಟೆಸ್ಸರ್ 1980ರ ದಶಕದಲ್ಲೇ ವಿವರಿಸಿದ್ದಾರೆ. "ನಿಮಗೆ ಆ ಹುದ್ದೆಯೂ ಬೇಕಿತ್ತು, ಆಕೆಯೂ ಬೇಕು. ಅದಕ್ಕೇ ಇಷ್ಟು ಉರಿ" ಎಂದೆ.

ಸಿಗದ ಹುದ್ದೆಗಾಗಿ ಆಕೆ ಒಮ್ಮೆಯೂ ಅತ್ತಿರಲಿಲ್ಲ. ಮನೆಯಲ್ಲಿ ನಗುತ್ತಲೇ "ಮುಂದಿನ ಸಲ ನೋಡೋಣ" ಎಂದು ಮುಗಿಸಿದ್ದಳು. ನನಗೆ ಇದೇ ಮುಖ್ಯವಾಗಿ ಕಂಡಿತು. ಸ್ವಂತ ದುಃಖವನ್ನು ನುಂಗಿಕೊಂಡು ಇನ್ನೊಬ್ಬರ ಹಬ್ಬಕ್ಕೆ ಹೊರಟವರ ನಗು ಗಂಟಲು ದಾಟುವುದಿಲ್ಲ. ಆ ದಿನದ ಉಳಿದ ಹೊತ್ತೆಲ್ಲ ಅವಳ ಸೋಲಿನ ಮಾತಿಗೇ ಮೀಸಲಾಯಿತು. ಅವಳು ಅತ್ತಳು.

ಹೊರಡುವ ಮುನ್ನ ಒಂದು ಸಲಹೆ ಕೊಟ್ಟೆ. ಅಭಿನಂದನೆಯ ಉದ್ದ ಸಂದೇಶ ಬೇಡ, ಸ್ಟೇಟಸ್ಸೂ ಬೇಡ. ಫೋನ್ ಮಾಡಿ ಜ್ವರದ ಸುಳ್ಳನ್ನು ಒಪ್ಪಿಕೊಳ್ಳಿ, ಆಮೇಲೆ ಆಕೆಯ ಸಂತೋಷದ ಬಗ್ಗೆ ನಿಜವಾಗಿ ತಿಳಿಯಬೇಕೆನಿಸಿದ ಒಂದು ಪ್ರಶ್ನೆ ಕೇಳಿ. ಇದಕ್ಕೆ ಆಧಾರವಿದೆ. ಮನೋವಿಜ್ಞಾನಿ ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಸಿಹಿಸುದ್ದಿಗೆ ಆಸಕ್ತಿಯಿಂದ ಕಿವಿಗೊಟ್ಟು ಕೆದಕಿ ಕೇಳುವ ಸಂಗಾತಿಗಳ ನಡುವೆ ಬಾಂಧವ್ಯ ಗಟ್ಟಿಯಾಗಿತ್ತು. "ಒಳ್ಳೆಯದಾಯಿತು" ಎಂದು ತಣ್ಣಗೆ ಮುಗಿಸಿದಲ್ಲಿ ಹಾಗಿರಲಿಲ್ಲ.

ಎರಡು ವಾರ ಬಿಟ್ಟು ಬಂದಳು. ಫೋನ್ ಮಾಡಿದ್ದಳು: "ಜ್ವರ ಇರಲಿಲ್ಲ, ಬರಲು ಆಗಲಿಲ್ಲ. ಪಟ್ಟಿ ನೋಡಿದಾಗ ನೀನು ಎಲ್ಲಿದ್ದೆ? ಎಲ್ಲ ಹೇಳು." ಆ ಕಡೆ ಬಹಳ ಹೊತ್ತು ಮೌನ. ನಂತರ ಗೆಳತಿ ಹೇಳಿದ್ದು: "ಮೊದಲು ನಿನ್ನ ನೋಂದಣಿ ಸಂಖ್ಯೆಯನ್ನೇ ಹುಡುಕಿದೆ. ಸಿಗಲಿಲ್ಲ. ನನ್ನದು ಸಿಕ್ಕ ಮೇಲೂ ಒಂದು ತಾಸು ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ." ಅಂದು ರಾತ್ರಿ ಇಬ್ಬರೂ ಬಹಳ ಹೊತ್ತು ಮಾತಾಡಿದರಂತೆ. ಮುಂದಿನ ಭಾನುವಾರ ಈಕೆ ಪೇಡೆ ಕಟ್ಟಿಸಿಕೊಂಡು ಆ ಊರಿನ ಬಸ್ಸು ಹತ್ತಿದಳು.

ಉರಿ ಪೂರ್ತಿ ಹೋಯಿತೇ ಎಂದು ಕೇಳಿದೆ. "ಇಲ್ಲ ಮೇಡಂ, ಆಕೆಗೂ ಅದನ್ನು ಹೇಳಿದ್ದೇನೆ" ಎಂದಳು. ಟಿಪ್ಪಣಿ ಪುಸ್ತಕ ಈಗ ಈಕೆಯ ಬಳಿಯೇ ಇದೆ. ಭಾನುವಾರ ರಾತ್ರಿ ಗೆಳತಿ ಫೋನಿನಲ್ಲಿ ಹಸಿರು ಶಾಯಿಯ ಪುಟಗಳಿಂದ ಪ್ರಶ್ನೆ ಕೇಳುತ್ತಾಳೆ, ಪುಸ್ತಕ ನೋಡದೆ.