ಟೆಕ್ಸಾಸಿನ ಹ್ಯೂಸ್ಟನ್ ಪಕ್ಕದ ಕೇಟಿ ಕಡೆ ಹೊಸ ಕಮ್ಯೂನಿಟಿಯಲ್ಲಿ ಮನೆ ತಗೊಳ್ಳೋರಿಗೆ: ಆ ಟ್ಯಾಕ್ಸ್ ಸಾಲನ್ನು ಇನ್ನೊಮ್ಮೆ ನೋಡಿ

ನಮ್ಮ ಗುಂಪಿನಲ್ಲಿ ನೀವು ಹಾಕಿದ, ಬಿಲ್ಡರ್ ಸೇಲ್ಸ್ ಆಫೀಸಿನವರು ಬರೆದುಕೊಟ್ಟ ಹಾಳೆಯ ಫೋಟೊ ನೋಡಿದೆ. 5,20,000 ಡಾಲರ್ ಮನೆ, 20% ಡೌನ್ ಪೇಮೆಂಟ್, ಬಿಲ್ಡರ್ ಹೇಳಿದ ಲೆಂಡರ್ (ಸಾಲ ಕೊಡುವ ಕಂಪನಿ) ಹತ್ತಿರವೇ ಹೋದರೆ 4.99% ಬಡ್ಡಿ, ಪೂರ್ವಕ್ಕೆ ಬಾಗಿಲು, "ಎಲ್ಲಾ ಸೇರಿ ತಿಂಗಳಿಗೆ 2,775". ಭಾನುವಾರ ಸಹಿ ಹಾಕಬಹುದಾ ಅಂತ ಕೇಳಿದ್ದೀರಿ. ಈ ಭಾನುವಾರ ಬೇಡ. ಮನೆ ಕೆಟ್ಟದ್ದು ಅಂತಲ್ಲ. ಆ ಹಾಳೆಯಲ್ಲಿ ಟ್ಯಾಕ್ಸ್ ಅಂತ ಬರೆದ ಕಡೆ ತಿಂಗಳಿಗೆ 193 ಡಾಲರ್ ಇದೆಯಲ್ಲ, ಅದು ಖಾಲಿ ಸೈಟಿನ ತೆರಿಗೆ. ಗುಂಪಿನಲ್ಲಿ ಇದೇ ತಪ್ಪು ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಟೆಕ್ಸಾಸಿನಲ್ಲಿ ಜನವರಿ 1ನೇ ತಾರೀಕು ಜಾಗದ ಮೇಲೆ ಏನು ನಿಂತಿತ್ತೋ ಅದಕ್ಕೇ ಆ ವರ್ಷದ ಪ್ರಾಪರ್ಟಿ ಟ್ಯಾಕ್ಸ್. ನಿಮ್ಮ ಸೈಟಿನಲ್ಲಿ ಅವತ್ತು ಬರೀ ಮಣ್ಣಿತ್ತು, ಬೆಲೆ 85,000 ಅಂತ ಹಾಕಿದ್ದಾರೆ. ತೆರಿಗೆ ರೇಟ್ ಯಾವಾಗಲೂ 100 ಡಾಲರ್ ಬೆಲೆಗೆ ಇಷ್ಟು ಅಂತ ಇರುತ್ತದೆ. ನಿಮ್ಮ ಹಾಳೆಯ ಪ್ರಕಾರ ಐಎಸ್‌ಡಿ (ಶಾಲಾ ಜಿಲ್ಲೆ) 1.12, ಮಡ್ (ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್, ಬಡಾವಣೆಗೆ ನೀರು-ಒಳಚರಂಡಿ ಕೊಡುವ ಸಂಸ್ಥೆ) 1.15, ಕೌಂಟಿ ಮತ್ತಿತರ 0.45, ಒಟ್ಟು 2.72. ಅಂದರೆ 85,000ಕ್ಕೆ ವರ್ಷಕ್ಕೆ 2,312. ಮುಂದಿನ ಜನವರಿ 1ಕ್ಕೆ ಮನೆ ಪೂರ್ತಿ ನಿಂತಿರುತ್ತದೆ. ಆಗ 5,20,000ಕ್ಕೆ 2.72 ಅಂದರೆ 14,144. ಹೋಮ್‌ಸ್ಟೆಡ್ ವಿನಾಯಿತಿಯಲ್ಲಿ (ಸ್ವಂತ ಮನೆಯಲ್ಲೇ ವಾಸ ಇರುವವರಿಗೆ ಸಿಗೋದು) ಐಎಸ್‌ಡಿ ಲೆಕ್ಕಕ್ಕೆ 1,40,000 ಕಳೆಯುತ್ತಾರೆ (2025ರ ನವೆಂಬರಿನ ಮತದಾನದಲ್ಲಿ 1,00,000ದಿಂದ ಇಷ್ಟಕ್ಕೆ ಏರಿತು), ಅದರಿಂದ ತೆರಿಗೆಯಲ್ಲಿ 1,568 ಉಳಿತಾಯ. ಕೊನೆಗೆ ವರ್ಷಕ್ಕೆ 12,576, ತಿಂಗಳಿಗೆ 1,048. ಅಸಲು-ಬಡ್ಡಿ 2,230, ಇನ್ಶೂರೆನ್ಸ್ 250, ಎಚ್‌ಓಎ (ಬಡಾವಣೆಯ ಮನೆ ಮಾಲೀಕರ ಸಂಘ) 100 ಸೇರಿಸಿ ನೋಡಿ: ನಿಮ್ಮ ನಿಜವಾದ ತಿಂಗಳ ಕಂತು 3,630ರ ಹತ್ತಿರ. 2,775 ಅಲ್ಲ.

ಇದಿಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಲೆಂಡರ್ 193ರ ಲೆಕ್ಕದಲ್ಲೇ ಎಸ್ಕ್ರೋ (ಟ್ಯಾಕ್ಸ್, ಇನ್ಶೂರೆನ್ಸ್ ಕಟ್ಟಲು ಕಂತಿನ ಜೊತೆ ತೆಗೆದಿಡುವ ದುಡ್ಡು) ಹಿಡಿಯುತ್ತಾ ಹೋದ ಅಂತಿಟ್ಟುಕೊಳ್ಳಿ. ಪೂರ್ತಿ ಮನೆಯ ಬಿಲ್ ಬಂದಾಗ ಎಸ್ಕ್ರೋದಲ್ಲಿ 10,264 ಡಾಲರ್ ಕಡಿಮೆ ಬೀಳುತ್ತದೆ. ಬಿಲ್ ಅವರು ಕಟ್ಟುತ್ತಾರೆ, ಆಮೇಲೆ ಆ ಕೊರತೆಯನ್ನು 12 ತಿಂಗಳಿಗೆ ಹಂಚಿ ನಿಮ್ಮ ಕಂತಿಗೆ ಸೇರಿಸುತ್ತಾರೆ, ತಿಂಗಳಿಗೆ ಇನ್ನೂ 855. ಆ ಒಂದು ವರ್ಷ ನೀವು ಕಟ್ಟೋದು ತಿಂಗಳಿಗೆ 4,485 ಆಸುಪಾಸು. ಬಡ್ಡಿ ಫಿಕ್ಸೆಡ್ ಅಲ್ಲವಾ, ಕಂತು ಹೇಗೆ ಏರಿತು ಅಂತ ಆಗ ಗುಂಪಿಗೆ ಬಂದು ಕೇಳುತ್ತಾರೆ. ಬಡ್ಡಿ ಫಿಕ್ಸೆಡ್ಡೇ, ಎಸ್ಕ್ರೋ ಅಲ್ಲ.

ಕೆಲವು ಲೆಂಡರ್‌ಗಳು ಶುರುವಿನಿಂದಲೇ ಪೂರ್ತಿ ಬೆಲೆಗೆ ಎಸ್ಕ್ರೋ ಹಿಡಿಯುತ್ತಾರೆ, ಅದು ಒಳ್ಳೆಯದು. ಅಲ್ಲೂ ಒಂದು ಬಲೆ ಇದೆ. ಮೊದಲ ವರ್ಷದ ಬಿಲ್ ಬರೀ ಸೈಟಿನದ್ದಾದ್ದರಿಂದ ಎಸ್ಕ್ರೋದಲ್ಲಿ ದುಡ್ಡು ಮಿಕ್ಕುತ್ತದೆ, ಅವರು ನಿಮಗೆ ಕೆಲವು ಸಾವಿರದ ಚೆಕ್ ಕಳಿಸಿ ಕಂತನ್ನೂ ಇಳಿಸುತ್ತಾರೆ. ಆ ಚೆಕ್ಕಿನಲ್ಲಿ ಸೋಫಾ ತರಬೇಡಿ, ಊರಿಗೆ ಟಿಕೆಟ್ ಮಾಡಬೇಡಿ. ಸೇವಿಂಗ್ಸಿಗೆ ಹಾಕಿ ಮುಟ್ಟದೆ ಇಡಿ. ಲೆಂಡರ್‌ಗೆ ಫೋನ್ ಮಾಡಿ, ಮುಂದಿನ ವರ್ಷ ಇಂಪ್ರೂವ್‌ಮೆಂಟ್ (ಕಟ್ಟಿದ ಮನೆಯ) ಬೆಲೆ ಸೇರುತ್ತದೆ, ಕಂತು ಇಳಿಸಬೇಡಿ ಅಂತ ಹೇಳಿ. ಕೇಳದಿದ್ದರೆ ಪ್ರತಿ ತಿಂಗಳೂ ನೀವೇ ಎಸ್ಕ್ರೋಗೆ ಅಂತ ಬರೆದು ಹೆಚ್ಚಿಗೆ ಕಟ್ಟಿ. ಅದು ಸಾಲದ ಅಸಲಿಗೆ (ಪ್ರಿನ್ಸಿಪಲ್) ಹೋಗದ ಹಾಗೆ ನೋಡಿಕೊಳ್ಳಿ.

"10% ಕ್ಯಾಪ್ ಇದೆಯಲ್ಲ" (ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ 10%ಗಿಂತ ಹೆಚ್ಚು ಏರಬಾರದು ಅನ್ನೋ ಮಿತಿ) ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ. ಆ ಕ್ಯಾಪ್ ಹೊಸದಾಗಿ ಕಟ್ಟಿದ್ದಕ್ಕೆ ಅನ್ವಯಿಸುವುದಿಲ್ಲ. ಸೈಟಿನಿಂದ ಮನೆಗೆ ಏರುವ ಬೆಲೆಗೆ ಅದು ಅಡ್ಡ ಬರಲ್ಲ, ಹೋಮ್‌ಸ್ಟೆಡ್ ಸಿಕ್ಕ ಮುಂದಿನ ವರ್ಷದಿಂದಷ್ಟೇ ಅದರ ಉಪಯೋಗ. ಹೋಮ್‌ಸ್ಟೆಡ್ ಅರ್ಜಿ ಅಪ್ರೈಸಲ್ ಡಿಸ್ಟ್ರಿಕ್ಟ್ (ತೆರಿಗೆಗೆ ಮನೆ ಬೆಲೆ ಕಟ್ಟುವ ಕಚೇರಿ) ವೆಬ್‌ಸೈಟಿನಲ್ಲಿ ಪುಕ್ಕಟೆ, ಡ್ರೈವರ್ ಲೈಸೆನ್ಸಿನ ವಿಳಾಸ ಹೊಸ ಮನೆಯದ್ದಾಗಿರಬೇಕು. ಅದನ್ನು ತುಂಬಿಕೊಡಲು ದುಡ್ಡು ಕೇಳಿ ಸರ್ಕಾರಿ ಕಾಗದದಂತೆ ಕಾಣುವ ಲಕೋಟೆ ಬರುತ್ತವೆ, ಕಸಕ್ಕೆ ಹಾಕಿ.

ಇನ್ನು ಮಡ್. ನೀರು, ಒಳಚರಂಡಿ, ಮಳೆನೀರಿನ ಕಾಲುವೆಗೆ ಡೆವಲಪರ್ ಹಾಕಿದ ದುಡ್ಡನ್ನು ಮಡ್ ಬಾಂಡ್ (ಸಾಲಪತ್ರ) ಹೊರಡಿಸಿ ವಾಪಸ್ ಕೊಡುತ್ತದೆ, ಆ ಬಾಂಡನ್ನು ನಾವು ತೀರಿಸುತ್ತೇವೆ. ಸಹಿಗೆ ಮುಂಚೆ ಮಡ್ ನೋಟಿಸ್ ಕೊಡಲೇಬೇಕು, ಕಾನೂನು. ಅದರಲ್ಲಿ ರೇಟ್ ಒಂದನ್ನೇ ನೋಡಿ ಮಡಚಿಡಬೇಡಿ. ಮಂಜೂರಾದ ಬಾಂಡ್ ಎಷ್ಟು, ಇದುವರೆಗೆ ಹೊರಡಿಸಿದ್ದು ಎಷ್ಟು ಅಂತ ಎರಡು ಅಂಕಿ ಇರುತ್ತವೆ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಸಾಲ ಇನ್ನೂ ಬರೋದಿದೆ ಅಂತ. "ಮನೆ ತುಂಬಿದ ಹಾಗೆ ಮಡ್ ರೇಟ್ ಇಳಿಯುತ್ತೆ" ಅಂತ ಸೇಲ್ಸ್‌ನವರು ಹೇಳೋದು ಪೂರಾ ಸುಳ್ಳೇನಲ್ಲ, ಹಳೇ ಸೆಕ್ಷನ್‌ಗಳಲ್ಲಿ (ಕಮ್ಯೂನಿಟಿಯ ಭಾಗಗಳಲ್ಲಿ) ಇಳಿದಿದೆ. ಆದರೆ ಯಾವಾಗ, ಎಷ್ಟು ಅಂತ ಬರೆದುಕೊಡಿ ಅನ್ನಿ, ಮಾತು ಬದಲಿಸುತ್ತಾರೆ. ಡ್ಯಾಲಸ್ ಕಡೆಯವರಿಗೆ ಸಿಲೈನಾ, ಆನಾ, ಪ್ರಿನ್ಸ್‌ಟನ್ ಊರುಗಳಲ್ಲಿ ಮಡ್ ಬದಲು ಪಿಐಡಿ (ಪಬ್ಲಿಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್) ಎದುರಾಗಬಹುದು. ಅದು ಟ್ಯಾಕ್ಸಲ್ಲ, ಸೈಟಿನ ಮೇಲೆ ಹೊರಿಸಿದ ಅಸೆಸ್‌ಮೆಂಟ್ (ಖರ್ಚಿನ ಪಾಲು). ಹೋಮ್‌ಸ್ಟೆಡ್ ವಿನಾಯಿತಿ ಅದಕ್ಕೆ ತಾಗಲ್ಲ. ಒಟ್ಟು ಬಾಕಿ ಎಷ್ಟು, ಒಂದೇ ಸಲ ತೀರಿಸಬಹುದಾ ಅಂತ ಕೇಳಿ.

ಬಿಲ್ಡರ್ ಲೆಂಡರ್‌ನ ಬಡ್ಡಿ ರೇಟ್ ಚೆನ್ನಾಗಿಯೇ ಇದೆ, ಹೊರಗೆ ಸಿಗೋದು ಕಷ್ಟ. ಆದರೂ ಹೊರಗಿನ ಒಬ್ಬರ ಹತ್ತಿರ ಅದೇ ದಿನ ಲೋನ್ ಎಸ್ಟಿಮೇಟ್ (ಸಾಲದ ಬಡ್ಡಿ, ಖರ್ಚಿನ ಅಂದಾಜು ಪತ್ರ) ತೆಗೆಸಿ, ಎರಡನೇ ಪುಟದಲ್ಲಿ ಲೆಂಡರ್ ತನ್ನ ಶುಲ್ಕ ಬರೆಯುವ ಎ ಭಾಗವನ್ನು ಅಕ್ಕಪಕ್ಕ ಇಟ್ಟು ಓದಿ. 4.99 ಪೂರ್ತಿ 30 ವರ್ಷಕ್ಕಾ, ಅಥವಾ 2-1 ಬೈಡೌನಾ (ಮೊದಲ ವರ್ಷ ಬಡ್ಡಿ 2%, ಎರಡನೇ ವರ್ಷ 1% ಕಡಿಮೆ, ಆಮೇಲೆ ಪೂರ್ತಿ)? 2-1 ಆದರೆ ಮೂರನೇ ವರ್ಷಕ್ಕೆ 6.99 ಆಗುತ್ತದೆ, ಮೇಲಿನ ನನ್ನ ಲೆಕ್ಕ ಇನ್ನೂ ಕೆಡುತ್ತದೆ. ಕಡಿಮೆ ಬಡ್ಡಿ ಕೊಟ್ಟು ಅದನ್ನು ಮನೆ ಬೆಲೆಯಲ್ಲಿ ಏರಿಸಿದ್ದಾರಾ ಅಂತ ತಿಳಿಯಬೇಕಾದರೆ ಅದೇ ಪ್ಲ್ಯಾನ್ ಪಕ್ಕದ ಸೆಕ್ಷನ್‌ನಲ್ಲಿ ಎಷ್ಟಕ್ಕೆ ಲಿಸ್ಟ್ ಆಗಿದೆ ನೋಡಿ. ಮತ್ತೆ, ಏಜೆಂಟ್ ಇಲ್ಲದೆ ಮಾಡೆಲ್ ಹೋಮ್‌ಗೆ ಹೋಗಿ ಹೆಸರು ಬರೆದುಬಂದಿದ್ದೀರಿ ಅನ್ನಿಸುತ್ತದೆ. ಮೊದಲ ಭೇಟಿಗೇ ಏಜೆಂಟ್ ಜೊತೆಗಿರಬೇಕು ಅಂತ ಬಹಳ ಬಿಲ್ಡರ್‌ಗಳು ಹಟ ಹಿಡಿಯುತ್ತಾರೆ. ಕೌಂಟರಿನಲ್ಲಿ ನಗುತ್ತಾ ಕಾಫಿ ಕೊಡುವವರು ಬಿಲ್ಡರ್ ಕಡೆಯವರು, ನಿಮ್ಮ ಕಡೆಯವರಲ್ಲ. ಕಾಂಟ್ರ್ಯಾಕ್ಟೂ ಅವರದ್ದೇ. ಹಳೇ ಮನೆ ಕೊಳ್ಳುವಾಗ ಸಿಗುವ ಆಪ್ಷನ್ ಪೀರಿಯಡ್ (ಸಹಿ ಹಾಕಿದ ಮೇಲೂ ಹಿಂದೆ ಸರಿಯಬಹುದಾದ ಕೆಲವು ದಿನ) ಇದರಲ್ಲಿ ಸಾಮಾನ್ಯವಾಗಿ ಇರಲ್ಲ, ಡಿಸೈನ್ ಸೆಂಟರಿನಲ್ಲಿ (ಮನೆಯೊಳಗಿನ ಸಾಮಾನು ಆರಿಸುವ ಬಿಲ್ಡರ್ ಶೋರೂಮ್) ಕಟ್ಟಿದ ಡಿಪಾಸಿಟ್ ವಾಪಸ್ ಬರಲ್ಲ.

ಡಿಸೈನ್ ಸೆಂಟರಿನಲ್ಲಿ ಕ್ವಾರ್ಟ್ಜ್, ಶಾಂಡಲಿಯರ್ ಅಂತ ದುಡ್ಡು ಸುರಿಯಬೇಡಿ, ಅವೆಲ್ಲ ಆಮೇಲೆ ಅರ್ಧ ಬೆಲೆಗೆ ಆಗುತ್ತವೆ. ಗೋಡೆಯೊಳಗೆ, ಸ್ಲ್ಯಾಬಿನೊಳಗೆ ಹೋಗುವುದಕ್ಕೆ ಮಾತ್ರ ಖರ್ಚು ಮಾಡಿ. ಕೆಳಗೆ ಒಂದು ಬೆಡ್‌ರೂಮ್ ಮತ್ತು ಪೂರ್ತಿ ಬಾತ್ ಇರಲಿ, ಊರಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವಾಗ ಮೆಟ್ಟಿಲು ಹತ್ತಿಸಬೇಡಿ. ಗರಾಜಿಗೆ 240 ವೋಲ್ಟ್ ಲೈನ್, ಹಿಂದಿನ ಪ್ಯಾಟಿಯೊಗೆ ಗ್ಯಾಸ್ ಪಾಯಿಂಟ್, ವಾಟರ್ ಸಾಫ್ಟ್‌ನರ್ ಲೂಪ್ (ಗಡಸು ನೀರು ಮೆದು ಮಾಡುವ ಯಂತ್ರ ಜೋಡಿಸಲು ಬಿಡುವ ಪೈಪ್) ಹಾಕಿಸಿ.

ಎಲ್ಲಕ್ಕಿಂತ ಮುಖ್ಯ ಅಡುಗೆಮನೆಯ ಹೊಗೆ ಹೊರಗೆ ಹೋಗೋ ದಾರಿ. ಸ್ಟವ್ ಮೇಲೆ ಮೈಕ್ರೋವೇವ್ ನೇತುಹಾಕಿ ವೆಂಟ್ ಇದೆ ಅಂತ ತೋರಿಸುತ್ತಾರೆ. ಎಷ್ಟೋ ಪ್ಲ್ಯಾನ್‌ಗಳಲ್ಲಿ ಅದು ಗಾಳಿಯನ್ನು ಇದ್ದಿಲು ಫಿಲ್ಟರಿನಲ್ಲಿ ತಿರುಗಿಸಿ ವಾಪಸ್ ನಿಮ್ಮ ಮುಖಕ್ಕೇ ಬಿಡುತ್ತದೆ. ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ ಹಾಕಿದ ದಿನ ಮೇಲಿನ ಬೆಡ್‌ರೂಮಿನಲ್ಲಿ ಮಕ್ಕಳು ಕೆಮ್ಮುತ್ತವೆ, ಹೊಗೆ ಅಲಾರಂ ಕೂಗುತ್ತದೆ. ಫ್ರೇಮಿಂಗಿಗೆ ಮುಂಚೆ ಬರವಣಿಗೆಯಲ್ಲಿ ಹಾಕಿಸಿ: ಹೊರಗೋಡೆಗೋ ಮಾಡಿಗೋ ಹೋಗುವ ಡಕ್ಟ್, ನುಣುಪಾದ ಮೆಟಲ್ ಪೈಪ್, ಸುಕ್ಕುಸುಕ್ಕಿನ ಫ್ಲೆಕ್ಸ್ ಬೇಡ, 400 ಸಿಎಫ್‌ಎಂವರೆಗೆ (ಫ್ಯಾನ್ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯುತ್ತದೆ ಅನ್ನೋ ಅಳತೆ) 6 ಇಂಚು, ಅದಕ್ಕೂ ಮೇಲಾದರೆ 8. ತಿರುವು ಆದಷ್ಟೂ ಕಡಿಮೆ. 400 ಸಿಎಫ್‌ಎಂ ದಾಟಿದರೆ ಹೊರಗಿನಿಂದ ಗಾಳಿ ಬರುವ ವ್ಯವಸ್ಥೆಯನ್ನೂ ಕಟ್ಟಡದ ಕೋಡ್ ಕೇಳುತ್ತದೆ, ಆದ್ದರಿಂದ 400ರಲ್ಲೇ ಇರಿ. ಡಕ್ಟ್ ಒಂದಿದ್ದರೆ ಹುಡ್ (ಸ್ಟವ್ ಮೇಲಿನ ಹೊಗೆ ಎಳೆಯುವ ಯಂತ್ರ) ಆಮೇಲೆ ನೀವೇ ಬದಲಿಸಬಹುದು, ನಮ್ಮ ಅಡುಗೆಗೆ ಫೋಟೈಲ್ ಬ್ರ್ಯಾಂಡಿನದ್ದು ಚೆನ್ನಾಗಿ ಎಳೆಯುತ್ತದೆ. ಸ್ಟವ್ ಐಲ್ಯಾಂಡ್ ಮೇಲಿರುವ ಪ್ಲ್ಯಾನ್ ಆದರೆ ಬಿಟ್ಟುಬಿಡಿ, ಅಲ್ಲಿಂದ ಡಕ್ಟ್ ಒಯ್ಯೋದು ತಲೆನೋವು.

ಇನ್‌ಸ್ಪೆಕ್ಷನ್: ಕೇಟಿ ಹೆಸರಿನ ಬಹುಪಾಲು ಕಮ್ಯೂನಿಟಿಗಳು ಊರ ಮಿತಿಯ ಹೊರಗಿವೆ. ಅಲ್ಲಿ ಸಿಟಿ ಇನ್‌ಸ್ಪೆಕ್ಟರ್ ಬರಲ್ಲ, ಬಿಲ್ಡರ್ ತಾನೇ ಕರೆಸಿದವರ ಮೂರು ತಪಾಸಣೆ ಆದರೆ ಕಾನೂನಿಗೆ ಸಾಕು. ನಿಮ್ಮದೇ ಲೈಸೆನ್ಸ್ ಇನ್‌ಸ್ಪೆಕ್ಟರ್ ಇರಲಿ. ಕಾಂಕ್ರೀಟ್ ಸುರಿಯುವ ಮುಂಚೆ ಒಂದು ಸಲ: ಪೋಸ್ಟ್ ಟೆನ್ಷನ್ ಕೇಬಲ್ಲಿನ (ಸ್ಲ್ಯಾಬಿನೊಳಗೆ ಬಿಗಿದು ಎಳೆಯುವ ಉಕ್ಕಿನ ಕೇಬಲ್) ಪ್ಲಾಸ್ಟಿಕ್ ಹರಿದಿದೆಯಾ, ಚೇರ್ ಅನ್ನೋ ಪುಟ್ಟ ಆಧಾರಗಳ ಮೇಲೆ ಎತ್ತಿ ನಿಲ್ಲಿಸಿದ್ದಾರಾ ಅಥವಾ ಮಣ್ಣಿಗೆ ತಾಗಿದೆಯಾ, ಬೀಮ್ ಗುಂಡಿಯಲ್ಲಿ ನೀರು ನಿಂತಿದೆಯಾ. ಡ್ರೈವಾಲ್‌ಗೆ ಮುಂಚೆ ಇನ್ನೊಂದು: ಪ್ಲಂಬರ್ ಕೊರೆದು ಹಾಳು ಮಾಡಿದ ಸ್ಟಡ್ (ಗೋಡೆಯೊಳಗಿನ ಮರದ ಕಂಬ), ಕಿಟಕಿ ಸುತ್ತ ಫ್ಲ್ಯಾಶಿಂಗ್ (ನೀರು ಒಳಗೆ ಬರದಂತೆ ಹಾಕುವ ಪಟ್ಟಿ), ಮಡಚಿಕೊಂಡ ಎಸಿ ಡಕ್ಟ್. ಅದೇ ದಿನ ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೊ ತೆಗೆಯಿರಿ, ಮುಂದೆ ಟಿವಿ ಮೊಳೆ ಹೊಡೆಯುವಾಗ ಪೈಪ್ ಎಲ್ಲಿದೆ ಗೊತ್ತಿರುತ್ತದೆ. ಕೊನೆಯ ಸಲ ಮನೆ ಸುತ್ತ ನಡೆಯಿರಿ. ಗೋಡೆಯಿಂದ ಮೊದಲ 10 ಅಡಿಯಲ್ಲಿ ನೆಲ 6 ಇಂಚು ಇಳಿಯಬೇಕು, ಇಟ್ಟಿಗೆ ಕೆಳಗೆ 4 ಇಂಚಾದರೂ ಸ್ಲ್ಯಾಬ್ ಕಾಣಬೇಕು. ಲ್ಯಾಂಡ್‌ಸ್ಕೇಪಿನವನು ಮಲ್ಚ್ (ಗಿಡದ ಬುಡದ ಮರದ ಚೂರು) ಸುರಿದು ವೀಪ್ ಹೋಲ್ (ಇಟ್ಟಿಗೆ ಗೋಡೆಯಿಂದ ನೀರು ಹೊರಹೋಗುವ ತೂತು) ಮುಚ್ಚಿದರೆ ಗೆದ್ದಲಿಗೆ ಬಾಗಿಲು ತೆಗೆದ ಹಾಗೆ. ವಾರಂಟಿ ಸಾಮಾನ್ಯವಾಗಿ 1-2-10, ಕೆಲಸಕ್ಕೆ ಒಂದು ವರ್ಷ, ವೈರಿಂಗ್-ಪ್ಲಂಬಿಂಗ್-ಎಸಿಗೆ ಎರಡು, ಸ್ಟ್ರಕ್ಚರಿಗೆ ಹತ್ತು. 11ನೇ ತಿಂಗಳಲ್ಲಿ ಮತ್ತೆ ಇನ್‌ಸ್ಪೆಕ್ಟರನ್ನು ಕರೆಸಿ, ದೂರು ಬಿಲ್ಡರ್ ಪೋರ್ಟಲಿನಲ್ಲೇ ಹಾಕಿ, ಬಾಯಿಮಾತು ಬೇಡ. ಯಾವ ಬಿಲ್ಡರ್ ಒಳ್ಳೆಯವರು ಅನ್ನೋ ಜಗಳ ಇಲ್ಲಿ ಮುಗಿಯೋದೇ ಇಲ್ಲ. ನಿಮ್ಮ ಬೀದಿಯ ಸೂಪರಿಂಟೆಂಡೆಂಟ್ (ಕಟ್ಟೋ ಕೆಲಸ ನೋಡಿಕೊಳ್ಳುವ ಬಿಲ್ಡರ್ ಕಡೆಯವನು) ಎಷ್ಟು ಮನೆ ಒಟ್ಟಿಗೆ ನೋಡುತ್ತಿದ್ದಾನೆ ಅಂತ ಕೇಳಿ, ಬ್ರ್ಯಾಂಡಿಗಿಂತ ಅದು ಹೆಚ್ಚು ಹೇಳುತ್ತದೆ.

ಪೂರ್ವದ ಬಾಗಿಲಿಗೆ ಲಾಟ್ ಪ್ರೀಮಿಯಂ (ಆ ಸೈಟಿಗೆ ಅಂತ ಹೆಚ್ಚಿನ ದುಡ್ಡು) ಕೊಡುತ್ತಿದ್ದೀರಿ. ವಾಸ್ತು ನಿಮ್ಮಿಷ್ಟ, ಆದರೆ ಮೊದಲು ಪ್ಲ್ಯಾಟ್ (ಬಡಾವಣೆಯ ನಕ್ಷೆ) ತೆಗೆದು ಹಿಂದೆ ಏನಿದೆ ನೋಡಿ: ಪೈಪ್‌ಲೈನ್ ಈಸ್‌ಮೆಂಟಾ (ಪೈಪ್ ಹಾಯಲು ಬಿಟ್ಟ ಜಾಗ), ಮುಂದೆ ಬರುವ ನಾಲ್ಕು ಲೇನ್ ರಸ್ತೆಯಾ. "ಮುಂದಿನ ಶಾಲೆಯ ಜಾಗ" ಅನ್ನೋ ಬೋರ್ಡಿಗೆ ಬೆಲೆ ಕಟ್ಟಬೇಡಿ, ಗಡಿ ಎಳೆಯೋದು ಐಎಸ್‌ಡಿ ಬೋರ್ಡು, ಎಷ್ಟು ಸಲ ಬೇಕಾದರೂ ಬದಲಿಸುತ್ತದೆ. ಫ್ಲಡ್ ಮ್ಯಾಪಿನಲ್ಲಿ ಝೋನ್ ಎಕ್ಸ್ (ಪ್ರವಾಹದ ಅಪಾಯ ಕಡಿಮೆ ಅನ್ನೋ ವಲಯ) ಅಂದಾಕ್ಷಣ ನಿಶ್ಚಿಂತೆ ಅಂತಲ್ಲ. 2017ರ ಹಾರ್ವಿ ಚಂಡಮಾರುತದಲ್ಲಿ ಬಾರ್ಕರ್ ರಿಸರ್ವಾಯರ್ ಅಂಚಿನಲ್ಲಿ, 100 ವರ್ಷದ ಫ್ಲಡ್‌ಪ್ಲೇನ್‌ಗೆ (ಯಾವುದೇ ವರ್ಷ ಪ್ರವಾಹ ಬರುವ ಸಾಧ್ಯತೆ 1% ಇರುವ ಜಾಗ) ಸೇರದ ಎಷ್ಟೋ ಮನೆಗಳಿಗೆ ನೀರು ನುಗ್ಗಿತು. ಫ್ಲಡ್ ಇನ್ಶೂರೆನ್ಸ್ ಬೇರೆಯೇ ತಗೊಳ್ಳಬೇಕು. ಕ್ಲೋಸಿಂಗ್ (ಮನೆ ನಿಮ್ಮ ಹೆಸರಿಗಾಗುವ ದಿನ) ಹೊತ್ತಿಗೇ ಲೋನಿನ ಸಂಬಂಧ ಅಂತ ತೆಗೆದರೆ 30 ದಿನ ಕಾಯೋದು ತಪ್ಪುತ್ತದೆ.

ಎಚ್‌ಓಎ ಕಾಗದದಲ್ಲಿ ಒಂದೇ ಒಂದು ಕಡೆ ಕಣ್ಣಿಟ್ಟು ಓದಿ: ಬಾಡಿಗೆ. ಎಚ್-1ಬಿ ವೀಸಾ ಮೇಲಿದ್ದೀರಿ, ನಾಳೆ ಕೆಲಸ ಬೇರೆ ರಾಜ್ಯಕ್ಕೆ ಹೋಗಬಹುದು, ಊರಿಗೇ ಹೊರಡಬೇಕಾಗಬಹುದು. ಮೊದಲ ಒಂದೆರಡು ವರ್ಷ ಬಾಡಿಗೆಗೆ ಕೊಡುವಂತಿಲ್ಲ ಅನ್ನೋ ಷರತ್ತು ಇದ್ದರೆ ಮಾರಲೇಬೇಕಾಗುತ್ತದೆ. ಆಗ ಎದುರಾಳಿ ಪಕ್ಕದ ಸೆಕ್ಷನ್‌ನಲ್ಲಿ ಅದೇ ಪ್ಲ್ಯಾನಿನ ಹೊಸ ಮನೆಯನ್ನು ಕಡಿಮೆ ಬಡ್ಡಿಗೆ ಮಾರುತ್ತಿರುವ ಅದೇ ಬಿಲ್ಡರ್. ಐದು ವರ್ಷ ಇಲ್ಲೇ ಇರುತ್ತೀವಿ ಅಂತ ಗಟ್ಟಿಯಿಲ್ಲದಿದ್ದರೆ ಸದ್ಯ ಬಾಡಿಗೆ ಮನೆಯಲ್ಲೇ ಇರಿ. ಬಾಗಿಲಿಗೆ ತೋರಣ ಕಟ್ಟಿದರೆ ಎಚ್‌ಓಎ ಫೈನ್ ಹಾಕುತ್ತಾ ಅಂತಲೂ ಕೇಳಿದ್ದಿರಿ, ಧಾರ್ಮಿಕ ವಸ್ತುಗಳನ್ನು ಸಾರಾಸಗಟಾಗಿ ಬೇಡ ಅನ್ನಲು ಟೆಕ್ಸಾಸ್ ಕಾನೂನು ಬಿಡಲ್ಲ, ಕಟ್ಟಿ. ಸಾಫ್ಟ್‌ನರ್ ಮಾರಲು ಗೃಹಪ್ರವೇಶದ ವಾರವೇ ಮನೆ ಬಾಗಿಲಿಗೆ ಬರುವವರ ಹತ್ತಿರ ಮಾತ್ರ ತಗೊಳ್ಳಬೇಡಿ, ಲೂಪ್ ಹಾಕಿಸಿದ್ದರೆ ಫ್ಲೆಕ್ 5600 ವಾಲ್ವಿನದ್ದನ್ನು ತರಿಸಿ ಲೋಕಲ್ ಪ್ಲಂಬರ್ ಕೈಲಿ ಕೂರಿಸಿದರೆ ಎಷ್ಟೋ ಅಗ್ಗ.