ರಂಗನತಿಟ್ಟಿನ ಹಕ್ಕಿಗೆ ಯಾವ ಕ್ಯಾಮೆರಾ?

ಫೋಟೋ ಹುಚ್ಚು ಹತ್ತಿದೆ, ಆದರೆ ರಂಗನತಿಟ್ಟಿನಲ್ಲಿ ಮೊಬೈಲಿನಿಂದ ತೆಗೆದ ಹಕ್ಕಿಗಳೆಲ್ಲ ಬರೀ ಚುಕ್ಕಿಗಳಾಗಿವೆ, ಕ್ಯಾಮೆರಾ ಕೊಳ್ಳಲಾ ಅಂತ ಕೇಳಿದ್ದೀರಿ. ತಪ್ಪು ನಿಮ್ಮದಲ್ಲ ಬಿಡಿ. ಮೊಬೈಲಿನ ಮುಖ್ಯ ಲೆನ್ಸ್ ಇರುವುದೇ ಅಗಲವಾದ ನೋಟಕ್ಕೆ. ಬೆರಳಲ್ಲಿ ಹಿಗ್ಗಿಸಿದರೆ ಚಿತ್ರ ಒಡೆಯುತ್ತದೆ ಅಷ್ಟೇ.

ಹಕ್ಕಿಗಳೇ ಇಷ್ಟ ಅಂತಾದರೆ ಕ್ಯಾಮೆರಾ ಬಾಡಿಗಿಂತ ಲೆನ್ಸಿಗೆ ದುಡ್ಡು ಹಾಕಿ. ಕ್ಯಾಮೆರಾ ಜೊತೆ ಕೊಡುವ 18-55 ಎಂಎಂ ಲೆನ್ಸ್ ಸಾಲದು, 300 ಎಂಎಂ ಆದರೂ ಬೇಕು. ಈ ಸಂಖ್ಯೆ ಹೆಚ್ಚಿದಷ್ಟೂ ದೂರದ ಹಕ್ಕಿ ದೊಡ್ಡದಾಗಿ ಕಾಣುತ್ತದೆ. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಆದರೆ ಲೆನ್ಸನ್ನು ಬೆಳಕಿಗೆ ಹಿಡಿದು, ಒಳಗೆ ಫಂಗಸ್ ಇದೆಯಾ ಅಂತ ನೋಡದೆ ಕೊಳ್ಳಬೇಡಿ. ಜೇಡರ ಬಲೆಯ ಎಳೆಯಂತೆ ಕಾಣುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಅದರ ಕಾಟ ಜಾಸ್ತಿ.

ರಂಗನತಿಟ್ಟಿನಲ್ಲಿ ದೋಣಿ ಅಲುಗಾಡುತ್ತಲೇ ಇರುತ್ತದೆ ಅಲ್ವಾ, ಟ್ರೈಪಾಡ್ ಸುಮ್ನೆ ಭಾರ. ಹಾರುವ ಬಣ್ಣದ ಕೊಕ್ಕರೆಗೆ ಶಟರ್ ಸ್ಪೀಡ್ (ಕ್ಯಾಮೆರಾ ಬೆಳಕನ್ನು ಒಳಗೆ ಬಿಡುವ ಸಮಯ) 1/1000 ಸೆಕೆಂಡ್ ಅಥವಾ ಇನ್ನೂ ವೇಗವಾಗಿಡಿ. ಬೆಳಕು ಸಾಲದಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್) ಏರಿಸಿ. ಫೋಟೋ ಸ್ವಲ್ಪ ಕಾಳು ಕಾಳಾಗಿ ಬಂದರೂ ಪರವಾಗಿಲ್ಲ. ರೆಕ್ಕೆ ಅಲುಗಿ ಮಸುಕಾದರೆ ಮಾತ್ರ ಏನೂ ಮಾಡಲಾಗದು.

ಬೆಂಗಳೂರಿನಲ್ಲಿ ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ಸಿಗುತ್ತವೆ. ಕೊಳ್ಳುವ ಮುಂಚೆ ಒಂದು ಶನಿವಾರ, ಭಾನುವಾರ ತಂದು ನೋಡಿ. ಕುತ್ತಿಗೆಗೆ ಆ ತೂಕ ಒಗ್ಗುತ್ತಾ ಅನ್ನುವುದೂ ಗೊತ್ತಾಗುತ್ತದೆ.